ಗ್ರೀನ್ ಲ್ಯಾಂಟರ್ನ್ ಯಾರು? ಉತ್ತರ ನಿಮ್ಮ ವಯಸ್ಸು ಹೇಳುತ್ತದೆ

ಅಮೆರಿಕದ ಕಾಮಿಕ್ಸ್ ಅಭಿಮಾನಿಯೊಬ್ಬರ ವಯಸ್ಸು ತಿಳಿಯಲು ಹುಟ್ಟಿದ ವರ್ಷ ಕೇಳಬೇಕಾಗಿಲ್ಲ. ‘ಗ್ರೀನ್ ಲ್ಯಾಂಟರ್ನ್ ಅಂದರೆ ಯಾರು?’ ಎಂದು ಕೇಳಿದರೆ ಸಾಕು. ಈ ಒಂದೇ ಸೂಪರ್‌ಹೀರೊ ಹೆಸರನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಪಾತ್ರಗಳು ಹೊತ್ತಿವೆ. ಆ್ಯಲನ್ ಸ್ಕಾಟ್ ಎಂದು ಹೇಳುವವರು 1940ರ ದಶಕದಲ್ಲಿ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದವರು. ಹಾಲ್ ಜೋರ್ಡಾನ್ ಎನ್ನುವವರು 1959ರ ನಂತರ ಓದಲು ಹಿಡಿದವರು. ಕೈಲ್ ರೇನರ್ ಎಂದರೆ 1994ರ ಹೊತ್ತಿಗೆ ಮೀಸೆ ಚಿಗುರುತ್ತಿದ್ದವರು. ಜಾನ್ ಸ್ಟುವರ್ಟ್ ಎಂಬ ಉತ್ತರ ಬಂದರೆ ಮಾತ್ರ ಸ್ವಲ್ಪ ತಡೆದು ಯೋಚಿಸಬೇಕು. ಆ ಪಾತ್ರ ಕಾಮಿಕ್ಸ್‌ಗೆ ಬಂದದ್ದು 1971ರ ಕೊನೆಯಲ್ಲಿ. ಆದರೆ ಅವನೇ ಅಸಲಿ ಗ್ರೀನ್ ಲ್ಯಾಂಟರ್ನ್ ಎಂದು ಪಟ್ಟು ಹಿಡಿಯುವವರಲ್ಲಿ ಬಹಳ ಮಂದಿ 2001ರಲ್ಲಿ ಶುರುವಾದ ‘ಜಸ್ಟಿಸ್ ಲೀಗ್’ ಕಾರ್ಟೂನ್ ನೋಡಿ ಬೆಳೆದವರು. 2011ರಲ್ಲಿ ಗ್ರೀನ್ ಲ್ಯಾಂಟರ್ನ್ ಚಲನಚಿತ್ರ ಬಂದಾಗ ತೆರೆಯ ಮೇಲೆ ಬಿಳಿಯ ಹಾಲ್ ಜೋರ್ಡಾನ್‌ನನ್ನು ಕಂಡು ಅವರು ಕಕ್ಕಾಬಿಕ್ಕಿಯಾದರು. ತಾವು ಬಲ್ಲ ಕಪ್ಪು ವರ್ಣದ ನಾಯಕ ಎಲ್ಲಿ ಹೋದ?

ನಾಲ್ಕು ಉತ್ತರಗಳೂ ಸರಿಯೇ. ಏಳರಿಂದ ಹನ್ನೆರಡು ವರ್ಷ ವಯಸ್ಸಿನೊಳಗಿನ ಯಾವುದೋ ಒಂದು ಮಧ್ಯಾಹ್ನ ಮೊದಲು ಕಣ್ಣಿಗೆ ಬಿದ್ದ ನಾಯಕನೇ ಅಸಲಿ, ಉಳಿದವರೆಲ್ಲ ಅವನ ಉಡುಪು ತೊಟ್ಟವರು. ಈ ವಯಸ್ಸು ಎಂಟು ದಶಕಗಳಲ್ಲಿ ಅಷ್ಟಾಗಿ ಬದಲಾಗಿಲ್ಲ. ಬದಲಾದದ್ದು ಬಾಗಿಲು. ಒಬ್ಬರಿಗೆ ಅದು ಪತ್ರಿಕೆ ಮಾರುವ ಗೂಡಂಗಡಿ, ಇನ್ನೊಬ್ಬರಿಗೆ ಔಷಧ ಅಂಗಡಿಯ ಮೂಲೆಯ ತಂತಿ ಸ್ಟ್ಯಾಂಡ್, ಮತ್ತೊಬ್ಬರಿಗೆ ಶನಿವಾರ ಬೆಳಗಿನ ಟಿ.ವಿ., ಮಗದೊಬ್ಬರಿಗೆ ಗ್ರಂಥಾಲಯದ ಕಪಾಟು ಅಥವಾ ಮೊಬೈಲ್. ಈ ಬಾಗಿಲುಗಳನ್ನು ಎಲ್ಲಿಡಬೇಕೆಂದು ಕಥೆಗಾರರನ್ನಾಗಲಿ ಚಿತ್ರಕಾರರನ್ನಾಗಲಿ ಯಾರೂ ಕೇಳಲಿಲ್ಲ. ಮಾರಾಟವಾಗದೆ ಉಳಿದ ಪ್ರತಿಯ ನಷ್ಟ ಯಾರ ತಲೆಗೆ ಎಂಬ ಒಣ ವ್ಯಾಪಾರದ ಲೆಕ್ಕವೇ ಅದನ್ನು ತೀರ್ಮಾನಿಸಿತು. ಈ ಲೆಕ್ಕ ಅರ್ಥವಾದರೆ ಯಾವ ವಯಸ್ಸಿನವರು ಕಾಮಿಕ್ಸ್ ಲೋಕಕ್ಕೆ ಎಲ್ಲಿಂದ ಬಂದರು ಎಂಬುದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಶುರುವಿನಿಂದ ನೋಡೋಣ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಮುಖಪುಟದ ಮೇಲೆ ಜೂನ್ 1938 ಎಂದಿದೆ. ಆದರೆ ಅದು ಮಾರಾಟಕ್ಕೆ ಬಂದದ್ದು ಏಪ್ರಿಲ್‌ನಲ್ಲಿ. ಇದು ಮುದ್ರಣದ ತಪ್ಪಲ್ಲ. ಮುಖಪುಟದ ತಿಂಗಳು ಓದುಗನಿಗಾಗಿ ಇದ್ದದ್ದೇ ಅಲ್ಲ. ಈ ಪ್ರತಿಯನ್ನು ಯಾವಾಗ ತೆಗೆದು ಹೊಸದಕ್ಕೆ ಜಾಗ ಮಾಡಬೇಕು ಎಂದು ಅಂಗಡಿಯವನಿಗೆ ಹೇಳುವ ಗುರುತು ಅದು. ಉಳಿದ ಪ್ರತಿಗಳಿಗೆ ಅವನು ದುಡ್ಡು ಕಳೆದುಕೊಳ್ಳಬೇಕಾಗಿರಲಿಲ್ಲ. ಇಡೀ ಪುಸ್ತಕವನ್ನು ವಾಪಸು ಕಳುಹಿಸಿದರೆ ಸಾಗಣೆ ಖರ್ಚು ಹೆಚ್ಚು. ಹಾಗಾಗಿ ಮುಖಪುಟದ ಮೇಲ್ಭಾಗವನ್ನು ಮಾತ್ರ ಹರಿದು ಕಳುಹಿಸಿದರೆ ಅಷ್ಟೂ ಪ್ರತಿಗಳ ಹಣ ಜಮೆಯಾಗುತ್ತಿತ್ತು. ಮಿಕ್ಕದ್ದು ರದ್ದಿ. ರದ್ದಿಗೆ ಹೋಗಬೇಕಾದ ಎಷ್ಟೋ ತಲೆ ಹರಿದ ಪುಸ್ತಕಗಳು ಹಿಂಬಾಗಿಲಿನಿಂದ ಅಗ್ಗಕ್ಕೆ ಮಾರಾಟವಾಗುತ್ತಿದ್ದವು. ಹೆಸರಿಲ್ಲದ, ಮುಖವಿಲ್ಲದ ಇಂಥ ಪ್ರತಿಯೇ ತಮ್ಮ ಮೊದಲ ಕಾಮಿಕ್ಸ್ ಎಂದು ನೆನೆಯುವ ಹಿರಿಯರು ಕಡಿಮೆಯಿಲ್ಲ.

ಈ ಏರ್ಪಾಟಿನ ಪರಿಣಾಮ ದೊಡ್ಡದು. ಅಂಗಡಿಯವನಿಗೆ ಅಪಾಯವಿಲ್ಲದ್ದರಿಂದ ಕಾಮಿಕ್ಸ್ ಎಲ್ಲೆಂದರಲ್ಲಿ ಸಿಗುತ್ತಿತ್ತು: ರೈಲು ನಿಲ್ದಾಣ, ಮಿಠಾಯಿ ಅಂಗಡಿ, ಔಷಧ ಅಂಗಡಿ, ಬೀದಿ ಮೂಲೆ. ಬೆಲೆ 10 ಸೆಂಟ್, ಪುಟಗಳು 64. ಮಗು ಕಾಮಿಕ್ಸ್ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಕಾಮಿಕ್ಸೇ ದಾರಿಗೆ ಅಡ್ಡ ಬರುತ್ತಿತ್ತು. ಅಪ್ಪ ಪತ್ರಿಕೆ ಕೊಳ್ಳುವ ಹೊತ್ತಿನಲ್ಲಿ ಮಗನೋ ಮಗಳೋ ಬಣ್ಣದ ಮುಖಪುಟದ ಮುಂದೆ ನಿಂತುಬಿಡುವುದು, ಆ ಕಾಲದ ಆವಿಷ್ಕಾರವೆಂದರೆ ಇಷ್ಟೇ. ‘ಆ್ಯಕ್ಷನ್ ಕಾಮಿಕ್ಸ್’ನ ಆ ಮೊದಲ ಮುಖಪುಟದಲ್ಲಿ ಹಸಿರು ಕಾರೊಂದನ್ನು ತಲೆಯ ಮೇಲೆತ್ತಿ ಬಂಡೆಗೆ ಅಪ್ಪಳಿಸುತ್ತಿರುವ ಮನುಷ್ಯನನ್ನು ಕಂಡ ಮಗುವಿಗೆ ಅವನು ಯಾರು ಎಂಬುದು ಗೊತ್ತಿರಲಿಲ್ಲ. ಆ ಹೊತ್ತಿಗೆ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಅಂಥ ಶುದ್ಧ ಬೆರಗು ಆಮೇಲಿನ ಯಾವ ಪೀಳಿಗೆಗೂ ಸಿಕ್ಕಿಲ್ಲ ಎಂಬುದು ನನ್ನ ಅನಿಸಿಕೆ. ಇವತ್ತು ಮಾತು ಕಲಿಯುವ ಮೊದಲೇ ಮಕ್ಕಳ ಅಂಗಿಯ ಮೇಲೆ ಸೂಪರ್‌ಮ್ಯಾನ್‌ನ ಎಸ್ ಅಕ್ಷರ ಇರುತ್ತದೆ.

ಕ್ಲೀವ್‌ಲ್ಯಾಂಡ್‌ನ ಇಬ್ಬರು ಯುವಕರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್, ತಾವು ಸೃಷ್ಟಿಸಿದ ಈ ಪಾತ್ರದ ಹಕ್ಕನ್ನು 130 ಡಾಲರ್‌ಗೆ ಬಿಟ್ಟುಕೊಟ್ಟಿದ್ದರು. ಆ ನೋವಿನ ಕಥೆ ಬೇರೆಯೇ ಇದೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಎಂದರೆ ಸೂಪರ್‌ಮ್ಯಾನ್ ಮೂರೇ ವರ್ಷಗಳಲ್ಲಿ ಪುಸ್ತಕದಿಂದ ಆಚೆಗೆ ಹರಿದುಬಿಟ್ಟ. 1939ರಲ್ಲಿ ದಿನಪತ್ರಿಕೆಗಳ ಚಿತ್ರಪಟ್ಟಿ, 1940ರಲ್ಲಿ ರೇಡಿಯೊ, 1941ರಲ್ಲಿ ಚಿತ್ರಮಂದಿರದ ಕಾರ್ಟೂನ್. ‘ಹಿಂದೆಲ್ಲ ಎಲ್ಲರೂ ಪುಸ್ತಕ ಓದಿ ಅಭಿಮಾನಿಗಳಾದರು, ಈಗಿನವರು ಸಿನಿಮಾ ನೋಡಿ ಬಂದವರು’ ಎಂದು ಮೂಗು ಮುರಿಯುವವರು ಈ ವರ್ಷಗಳನ್ನು ಗಮನಿಸಬೇಕು. ಸೂಪರ್‌ಮ್ಯಾನ್‌ನ ಬಲ ಉಡುಗಿಸುವ ಕ್ರಿಪ್ಟೊನೈಟ್ ಮೊದಲು ಕೇಳಿಸಿದ್ದು 1943ರ ರೇಡಿಯೊ ನಾಟಕದಲ್ಲಿ. ಕಾಮಿಕ್ಸ್‌ನಲ್ಲಿ ಅದು ಕಾಣಿಸಿಕೊಂಡದ್ದು 1949ರಲ್ಲಿ. ಅಂದರೆ ಆರು ವರ್ಷ ಕಾಲ ಕೇಳುಗರಿಗೆ ಗೊತ್ತಿದ್ದ ಗುಟ್ಟು ಓದುಗರಿಗೆ ಗೊತ್ತಿರಲಿಲ್ಲ. ಸೂಪರ್‌ಮ್ಯಾನ್ ಕಥೆಗಳಲ್ಲಿ ಬರುವ ಪೆರ್ರಿ ವೈಟ್ ಎಂಬ ಪತ್ರಿಕಾ ಸಂಪಾದಕನೂ ರೇಡಿಯೊದ ಕೂಸು.

ಯುದ್ಧದ ವರ್ಷಗಳಲ್ಲಿ ಓದುಗರು ಬೆಳೆದರು, ಪುಸ್ತಕಗಳು ಕರಗಿದವು. ಸೈನಿಕರು ಕಾಮಿಕ್ಸ್ ಓದಿದರು. ಇತ್ತ ಮನೆಗಳಲ್ಲಿ ಯುದ್ಧಕ್ಕೆಂದು ಕಾಗದ ಸಂಗ್ರಹಿಸುವಾಗ ಮಕ್ಕಳ ಕಟ್ಟುಗಳೂ ಹೋದವು. ಉಳಿದವನ್ನು ಮುಂದೆ ತಾಯಂದಿರು ಮನೆ ಗುಡಿಸುವಾಗ ಎಸೆದರು. ಇವತ್ತು ಆ ಸಂಚಿಕೆಗಳಿಗೆ ಲಕ್ಷಗಟ್ಟಲೆ ಡಾಲರ್ ಬೆಲೆ ಬಂದಿರುವುದರಲ್ಲಿ ಈ ತಾಯಂದಿರ ಪೊರಕೆಯ ಪಾಲೂ ಇದೆ.

ಯುದ್ಧ ಮುಗಿದ ಮೇಲೆ ಸೂಪರ್‌ಹೀರೊಗಳ ಭರಾಟೆ ಇಳಿಯಿತು, ಅಪರಾಧ ಮತ್ತು ಭಯಾನಕ ಕಥೆಗಳು ಏರಿದವು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್, ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿದೆ ಎಂದು ಪುಸ್ತಕ ಬರೆದ. ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಮಗೆ ತಾವೇ ಮೂಗುದಾರ ಹಾಕಿಕೊಂಡು ಕಾಮಿಕ್ಸ್ ಕೋಡ್ ಎಂಬ ಮುದ್ರೆ ಹುಟ್ಟುಹಾಕಿದರು. ಮುದ್ರೆಯಿಲ್ಲದ ಪುಸ್ತಕವನ್ನು ವಿತರಕರು ಮುಟ್ಟಲು ಹಿಂಜರಿದರು. ಇಲ್ಲಿ ಒಂದು ವಿಚಿತ್ರ ನಡೆಯಿತು. ಕಾಮಿಕ್ಸ್ ಮಕ್ಕಳಿಗಷ್ಟೇ ಎಂದು ಗೆರೆ ಎಳೆದದ್ದರಿಂದಲೇ, ರಕ್ತ ಸುರಿಸದೆ ಕಳ್ಳರನ್ನು ಹಿಡಿಯುವ ಸೂಪರ್‌ಹೀರೊಗಳಿಗೆ ಮತ್ತೆ ಜಾಗ ಸಿಕ್ಕಿತು.

ಆ ಮರುಹುಟ್ಟಿನ ಮೊದಲ ದೃಶ್ಯವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ‘ಶೋಕೇಸ್’ ಪತ್ರಿಕೆಯ ನಾಲ್ಕನೆಯ ಸಂಚಿಕೆ, ಅಕ್ಟೋಬರ್ 1956. ಬ್ಯಾರಿ ಆ್ಯಲನ್ ಎಂಬ ಪೊಲೀಸ್ ವಿಜ್ಞಾನಿ ರಾತ್ರಿ ಪ್ರಯೋಗಾಲಯದಲ್ಲಿ ಬಿಡುವು ಮಾಡಿಕೊಂಡು ಕುಳಿತಿದ್ದಾನೆ. ಅವನ ಕೈಯಲ್ಲಿ ಒಂದು ಹಳೆಯ ಕಾಮಿಕ್ಸ್, ಅದರ ನಾಯಕ ಮಿಂಚಿನ ವೇಗದಲ್ಲಿ ಓಡುವ ಹಳೆಯ ಫ್ಲ್ಯಾಶ್. ಓದಿ ಎದ್ದು ರಾಸಾಯನಿಕಗಳ ಕಪಾಟಿನ ಬಳಿ ನಿಲ್ಲುತ್ತಾನೆ, ಸಿಡಿಲು ಬಡಿಯುತ್ತದೆ. ಆಮೇಲೆ ಹೋಟೆಲಿನಲ್ಲಿ ಪರಿಚಾರಿಕೆಯ ತಟ್ಟೆ ಜಾರುತ್ತದೆ. ತಿಂಡಿಯೆಲ್ಲ ಗಾಳಿಯಲ್ಲಿ ನಿಂತಂತೆ ಕಂಡು, ಒಂದೊಂದನ್ನೇ ಹಿಡಿದು ತಟ್ಟೆಗೆ ಮರಳಿಸುತ್ತಾನೆ. ತನಗೆ ವೇಗ ಬಂದಿದೆ ಎಂದು ಗೊತ್ತಾದಾಗ ಯಾವ ಹೆಸರು ಇಟ್ಟುಕೊಳ್ಳುತ್ತಾನೆ? ತಾನು ಓದಿದ ಕಾಮಿಕ್ಸ್‌ನ ನಾಯಕನದ್ದೇ. ಹೊಸ ಯುಗದ ಮೊದಲ ಸೂಪರ್‌ಹೀರೊ ಮೂಲತಃ ಒಬ್ಬ ಅಭಿಮಾನಿ. ಪುಸ್ತಕ ಓದಿ ನಾಯಕನಾಗಬಹುದು ಎಂಬ ಆಸೆಯನ್ನು ಪುಸ್ತಕವೇ ಹತ್ತು ಸೆಂಟಿಗೆ ಮಾರಿತು.

ಐದು ವರ್ಷದ ಮೇಲೆ, 1961ರಲ್ಲಿ, ‘ಫ್ಲ್ಯಾಶ್’ 123ನೆಯ ಸಂಚಿಕೆಯಲ್ಲಿ ಬ್ಯಾರಿ ಇನ್ನೊಂದು ಭೂಮಿಗೆ ದಾಟಿ ಹಳೆಯ ಫ್ಲ್ಯಾಶ್ ಜೇ ಗ್ಯಾರಿಕ್‌ನನ್ನೇ ಭೇಟಿಯಾಗುತ್ತಾನೆ. ‘ನಿಮ್ಮ ಸಾಹಸಗಳು ನಮ್ಮ ಲೋಕದ ಬರಹಗಾರನೊಬ್ಬನ ಕನಸಿಗೆ ಬರುತ್ತಿದ್ದವು’ ಎಂದು ವಿವರಿಸುತ್ತಾನೆ. ಆ ಬರಹಗಾರ ಗಾರ್ಡ್ನರ್ ಫಾಕ್ಸ್, ಈ ಸಂಚಿಕೆಯನ್ನು ಬರೆದವನೂ ಅವನೇ! ಇದನ್ನು ತಮಾಷೆಯೆಂದು ಬದಿಗಿಡಬಹುದು. ಆದರೆ ಆ ದಿನ ಹತ್ತು ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ತಿಳಿದದ್ದು ಬೇರೆ: ನಾನು ಓದುತ್ತಿರುವುದಕ್ಕೆ ಒಂದು ಹಿಂದಿನ ಕಾಲವಿದೆ, ನನ್ನ ಮಾವನೋ ದೊಡ್ಡಣ್ಣನೋ ಓದಿದ ಇನ್ನೊಂದು ಫ್ಲ್ಯಾಶ್ ಇದ್ದಾನೆ. ಕಾಮಿಕ್ಸ್‌ಗೆ ಚರಿತ್ರೆ ಇದೆ ಎಂಬ ಅರಿವು ಓದುಗನನ್ನು ಸಂಗ್ರಾಹಕನನ್ನಾಗಿ ಮಾಡುತ್ತದೆ.

ಆ ಪೀಳಿಗೆಗೆ ದಕ್ಕಿದ ಇನ್ನೊಂದು ಆವಿಷ್ಕಾರ ನಾಯಕರದ್ದಲ್ಲ, ತಮ್ಮಂಥವರದ್ದು. ಸಂಪಾದಕ ಜೂಲಿಯಸ್ ಶ್ವಾರ್ಟ್ಜ್ ಓದುಗರ ಪತ್ರಗಳ ಜೊತೆಗೆ ಅವರ ಪೂರ್ತಿ ವಿಳಾಸವನ್ನೂ ಅಚ್ಚು ಹಾಕತೊಡಗಿದ. ತಾನೊಬ್ಬನೇ ಹುಚ್ಚ ಎಂದುಕೊಂಡಿದ್ದವರು ಇತರ ಹುಚ್ಚರಿಗೆ ಕಾಗದ ಬರೆದರು. ಜೆರ್ರಿ ಬೇಲ್ಸ್ ಮತ್ತು ರಾಯ್ ಥಾಮಸ್ 1961ರಲ್ಲಿ ‘ಆಲ್ಟರ್ ಈಗೊ’ ಎಂಬ ಅಭಿಮಾನಿ ಪತ್ರಿಕೆ ಹೊರತಂದರು; 1964ರಲ್ಲಿ ನ್ಯೂಯಾರ್ಕಿನಲ್ಲಿ ಸಮ್ಮೇಳನ ನಡೆಯಿತು. ರಾಯ್ ಥಾಮಸ್ ಮುಂದೆ ಮಾರ್ವೆಲ್ ಸಂಸ್ಥೆಯ ಬರಹಗಾರನಾದ, ಸ್ಟ್ಯಾನ್ ಲೀ ನಂತರ ಪ್ರಧಾನ ಸಂಪಾದಕನೂ ಆದ. ಅಲ್ಲಿಗೆ ಕಾಮಿಕ್ಸ್ ಬರೆಯುವವರೆಲ್ಲ ಕಾಮಿಕ್ಸ್ ಓದಿ ಬೆಳೆದವರೇ ಆಗುವ ಕಾಲ ಶುರುವಾಯಿತು. ಅದರ ಒಳಿತು ಕೆಡುಕು ಎರಡೂ ಈಗ ಕಾಣುತ್ತಿವೆ.

ಮಾರ್ವೆಲ್‌ನ ಕಥೆಯಲ್ಲೂ ವಿತರಣೆಯ ಕೈವಾಡವಿದೆ. 1957ರಲ್ಲಿ ದೇಶದ ದೊಡ್ಡ ವಿತರಣಾ ಜಾಲ ಅಮೆರಿಕನ್ ನ್ಯೂಸ್ ಕಂಪನಿ ಕುಸಿದಾಗ, ಮುಂದೆ ಮಾರ್ವೆಲ್ ಎನಿಸಿಕೊಂಡ ಸಂಸ್ಥೆ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್‌ಗಳ ಪ್ರಕಾಶಕನಾದ ಪ್ರತಿಸ್ಪರ್ಧಿ ಡಿಸಿಯ ಒಡೆತನದ ವಿತರಕರ ಬಾಗಿಲು ತಟ್ಟಬೇಕಾಯಿತು. ತಿಂಗಳಿಗೆ ಎಂಟು ಪುಸ್ತಕಗಳಿಗಿಂತ ಹೆಚ್ಚು ಬೇಡ ಎಂಬುದು ಅವರ ಷರತ್ತು. ‘ಫೆಂಟಾಸ್ಟಿಕ್ ಫೋರ್’ (1961), ಸ್ಪೈಡರ್‌ಮ್ಯಾನ್ (1962) ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. ಪುಸ್ತಕಗಳು ಕೆಲವೇ ಇದ್ದುದರಿಂದ ಒಬ್ಬ ಹುಡುಗ 12 ಸೆಂಟಿನಂತೆ ಕೊಟ್ಟು ಎಲ್ಲವನ್ನೂ ಓದಬಹುದಿತ್ತು, ಎಲ್ಲ ನಾಯಕರೂ ಒಂದೇ ಊರಿನಲ್ಲಿದ್ದಾರೆ ಎಂಬುದು ಅವನ ತಲೆಯಲ್ಲಿ ನಿಂತಿತು. ಪುಟದ ಅಡಿಯಲ್ಲಿ ‘ಇದು ಇಂಥ ಸಂಚಿಕೆಯಲ್ಲಿ ನಡೆದದ್ದು’ ಎಂಬ ಟಿಪ್ಪಣಿ ಬೇರೆ. ಓದದೆ ಬಿಟ್ಟದ್ದನ್ನು ನೆನಪಿಸಿ ಮೂಗಿಗೆ ತುಪ್ಪ ಸವರುವ ಈ ಕಲೆಯಲ್ಲಿ ಸ್ಟ್ಯಾನ್ ಲೀಗೆ ಸಾಟಿಯಿರಲಿಲ್ಲ.

ಜನವರಿ 1966ರಲ್ಲಿ ಟಿ.ವಿ.ಗೆ ಬ್ಯಾಟ್‌ಮ್ಯಾನ್ ಬಂದ, ವಾರಕ್ಕೆ ಎರಡು ದಿನ. ದೊಡ್ಡವರು ನಗಲೆಂದೇ ಮಾಡಿದ ಧಾರಾವಾಹಿ, ಗುದ್ದಿದಾಗ ತೆರೆಯ ತುಂಬ ‘ಢಂ’ ‘ಢಮಾರ್’ ಎಂಬಂಥ ಅಕ್ಷರಗಳು. ಐದಾರು ವರ್ಷದ ಮಕ್ಕಳಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಅವರು ಉಸಿರು ಬಿಗಿಹಿಡಿದು ನೋಡಿದರು, ಮಾರನೆಯ ದಿನ ಪುಸ್ತಕ ಬೇಕೆಂದು ಹಟ ಹಿಡಿದರು. ಮೊದಲೇ ಓದುತ್ತಿದ್ದ ಹದಿಹರೆಯದವರಿಗೆ ಮಾತ್ರ ಮೈ ಉರಿ, ತಮ್ಮ ದೇವರನ್ನು ಯಾರೋ ಕೋಡಂಗಿ ಮಾಡಿಬಿಟ್ಟರು ಎಂದು. ಒಂದೇ ಮನೆಯ ಅಣ್ಣ ತಮ್ಮಂದಿರಿಗೆ ಎರಡು ಬೇರೆ ಬ್ಯಾಟ್‌ಮ್ಯಾನ್‌ಗಳು ಸಿಕ್ಕ ವರ್ಷ ಅದು. ಈಗ ಎಪ್ಪತ್ತು ದಾಟಿದ ಅಭಿಮಾನಿಗಳ ನಡುವೆಯೂ ಆ ಜಗಳ ಪೂರ್ತಿ ಆರಿಲ್ಲ.

ಈಗ ಐವತ್ತರಿಂದ ಅರವತ್ತೈದರ ಆಸುಪಾಸಿನಲ್ಲಿರುವವರ ಬಾಗಿಲಿಗೆ ಬರೋಣ. ಅದು ತಿರುಗುವ ತಂತಿ ಸ್ಟ್ಯಾಂಡ್. ಆಳೆತ್ತರದ ಕಂಬ, ಸುತ್ತಲೂ ತಂತಿಯ ಜೇಬುಗಳು, ತಲೆಯ ಮೇಲೆ ‘ಹೇ ಕಿಡ್ಸ್! ಕಾಮಿಕ್ಸ್!’ ಎಂಬ ತಗಡಿನ ಫಲಕ. ತಿರುಗಿಸಿದರೆ ಕೀಚ್ ಎನ್ನುವ ಸದ್ದು. ಒಂದರ ಹಿಂದೊಂದು ತುರುಕಿದ ಪುಸ್ತಕಗಳು ತಂತಿಯ ಮೇಲೆ ಬಾಗಿ ಬಾಗಿ ಬೆನ್ನು ಮುರಿದುಕೊಂಡಿರುತ್ತಿದ್ದವು. ಜೇಬಿನಿಂದ ಮೇಲೆ ಕಾಣುತ್ತಿದ್ದದ್ದು ಮುಖಪುಟದ ನೆತ್ತಿ ಮಾತ್ರ, ಆದ್ದರಿಂದಲೇ ಪತ್ರಿಕೆಯ ಹೆಸರು ತಪ್ಪದೆ ಮೇಲ್ಭಾಗದಲ್ಲಿ. ಮಾರ್ವೆಲ್ ಪುಸ್ತಕಗಳ ಎಡ ಮೂಲೆಯಲ್ಲಿ ನಾಯಕನ ಚಿತ್ರವಿರುವ ಪುಟ್ಟ ಚೌಕವೂ ಇರುತ್ತಿತ್ತು. 1963ರಲ್ಲಿ ಬಂದ ಈ ಚೌಕ ಚಿತ್ರಕಾರ ಸ್ಟೀವ್ ಡಿಟ್ಕೊನ ಉಪಾಯ ಎನ್ನುತ್ತಾರೆ. ಮುಂದಿನ ಪುಸ್ತಕ ಎಷ್ಟೇ ಮುಚ್ಚಿದರೂ ಮೂಲೆಯಿಂದ ಸ್ಪೈಡರ್‌ಮ್ಯಾನ್ ಇಣುಕುತ್ತಾನೆ. ಕಲೆಯಂತೆ ಕಾಣುವ ಎಷ್ಟೋ ಸಂಗತಿಗಳ ಹಿಂದೆ ಇಂಥ ತಂತಿ, ಮೊಳೆಗಳ ಅಳತೆ ಇರುತ್ತದೆ.

ಸ್ಟ್ಯಾಂಡಿನಲ್ಲಿ ಈ ತಿಂಗಳು ಕೊಂಡ ಕಥೆಯ ಮುಂದಿನ ಭಾಗ ಬರುವ ತಿಂಗಳು ಅಲ್ಲೇ ಸಿಗುತ್ತದೆ ಎಂಬ ಖಾತರಿ ಇರಲಿಲ್ಲ. ವಿತರಕರ ಲಾರಿ ಯಾವ ಕಟ್ಟು ಇಳಿಸಿತೋ ಅದೇ. ಖಳನ ಕೈಗೆ ಸಿಕ್ಕಿಬಿದ್ದ ನಾಯಕ ಪಾರಾದನೇ ಎಂದು ತಿಳಿಯಲು ಇಪ್ಪತ್ತು ವರ್ಷ ಕಾದವರಿದ್ದಾರೆ. ಸಂಪಾದಕರಿಗೂ ಇದು ಗೊತ್ತಿತ್ತು. ‘ಪ್ರತಿ ಸಂಚಿಕೆಯೂ ಯಾರೋ ಒಬ್ಬರಿಗೆ ಮೊದಲ ಸಂಚಿಕೆ’ ಎಂಬುದು ಆ ವೃತ್ತಿಯ ಗಾದೆಯೇ ಆಗಿತ್ತು. ಅದಕ್ಕೇ ಆಗಿನ ನಾಯಕರು ಹೊಡೆದಾಟದ ನಡುವೆ ತಮ್ಮ ಹೆಸರು, ಶಕ್ತಿ, ಬೇನೆ ಬೇಸರಿಕೆಗಳನ್ನೆಲ್ಲ ಒದರಿಕೊಳ್ಳುತ್ತಿದ್ದರು. ಇವತ್ತು ಓದಿದರೆ ನಗು ಬರುತ್ತದೆ, ಆದರೆ ಅದು ಹೊಸಬನಿಗೆ ಹಾಕಿದ ಮಣೆ. ‘ಎಲ್ಲಿಂದ ಓದಲು ಶುರು ಮಾಡಲಿ?’ ಎಂಬ ಪ್ರಶ್ನೆಯನ್ನು ಆ ಪೀಳಿಗೆಯವರು ಕೇಳಲೇ ಇಲ್ಲ. ಕೈಗೆ ಸಿಕ್ಕಲ್ಲಿಂದ ಶುರು.

ಹಾಗಾದರೆ ಸ್ಟ್ಯಾಂಡ್ ಎಲ್ಲಿ ಹೋಯಿತು? ಅಂಗಡಿಯವನ ಜಾಗದಲ್ಲಿ ನಿಂತು ನೋಡಿ. 1970ರ ದಶಕದಲ್ಲಿ ಕಾಮಿಕ್ಸ್ ಬೆಲೆ 15 ಸೆಂಟಿನಿಂದ 40ರವರೆಗೆ ಏರಿದರೂ ಒಂದು ಪ್ರತಿಯಿಂದ ಅವನಿಗೆ ದಕ್ಕುತ್ತಿದ್ದದ್ದು ಕೆಲವೇ ಕಾಸು. ಅಷ್ಟೇ ಜಾಗದಲ್ಲಿ ದುಬಾರಿ ಪತ್ರಿಕೆಯನ್ನೋ ಸಿಹಿತಿಂಡಿಯನ್ನೋ ಇಟ್ಟರೆ ಹೆಚ್ಚು ಲಾಭ. ಮೇಲಾಗಿ ಮಕ್ಕಳು ನಿಂತಲ್ಲೇ ಓದಿ ಮುಗಿಸುತ್ತಿದ್ದರು. ಇತ್ತ ಪ್ರಕಾಶಕರಿಗೂ ನಷ್ಟ: ಅಚ್ಚಾದ ಪ್ರತಿಗಳಲ್ಲಿ ದೊಡ್ಡ ಪಾಲು ತಲೆ ಹರಿಸಿಕೊಂಡು ವಾಪಸು ಬರುತ್ತಿತ್ತು.

ಈ ಗಂಟನ್ನು ಬಿಡಿಸಿದವನು ಬ್ರೂಕ್ಲಿನ್‌ನ ಒಬ್ಬ ಶಾಲಾ ಮೇಷ್ಟ್ರು. ನ್ಯೂಯಾರ್ಕಿನ ಕಾಮಿಕ್ಸ್ ಸಮ್ಮೇಳನಗಳನ್ನು ನಡೆಸುತ್ತಿದ್ದ ಫಿಲ್ ಸೂಲಿಂಗ್ 1970ರ ದಶಕದ ಆರಂಭದಲ್ಲಿ ಪ್ರಕಾಶಕರ ಮುಂದೆ ಒಂದು ಮಾತಿಟ್ಟ: ಉಳಿದ ಪ್ರತಿಗಳನ್ನು ನಾವು ವಾಪಸು ಕೊಡುವುದಿಲ್ಲ, ನಷ್ಟ ನಮ್ಮದೇ, ಬದಲಿಗೆ ಹೆಚ್ಚು ರಿಯಾಯಿತಿ ಕೊಡಿ, ಬೇಕಾದಷ್ಟನ್ನೇ ನೇರ ಕಳುಹಿಸಿ. ಡೈರೆಕ್ಟ್ ಮಾರ್ಕೆಟ್ ಎಂದು ಹೆಸರಾದ ಪದ್ಧತಿ ಇದು, ಕಾಮಿಕ್ಸ್‌ಗೆಂದೇ ಮೀಸಲಾದ ಅಂಗಡಿಗಳು ಬೆಳೆದದ್ದು ಇದರ ಮೇಲೆ. 1981ರಲ್ಲಿ ಮಾರ್ವೆಲ್ ‘ಡ್ಯಾಝ್ಲರ್’ ಮೊದಲ ಸಂಚಿಕೆಯನ್ನು ಈ ಅಂಗಡಿಗಳಿಗೆ ಮಾತ್ರ ಕೊಟ್ಟಿತು, 4 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಅಲ್ಲಿಂದ ಮುಂದೆ ಯಾರ ಮಾತು ನಡೆಯಿತೆಂದು ಹೇಳಬೇಕಾಗಿಲ್ಲ.

1980ರ ದಶಕದ ಮಾರ್ವೆಲ್ ಸಂಚಿಕೆಯೊಂದು ಸಿಕ್ಕರೆ ಮುಖಪುಟದ ಕೆಳ ಮೂಲೆಯ ಬಿಳಿ ಚೌಕವನ್ನು ನೋಡಿ. ಬಾರ್‌ಕೋಡ್ ಇದ್ದರೆ ಅದು ಔಷಧ ಅಂಗಡಿಗೋ ಪತ್ರಿಕೆ ಅಂಗಡಿಗೋ ಹೋದ ಪ್ರತಿ. ಬಾರ್‌ಕೋಡ್ ಇರಬೇಕಾದ ಕಡೆ ಸ್ಪೈಡರ್‌ಮ್ಯಾನ್‌ನ ಮುಖವಿದ್ದರೆ ಅದು ಕಾಮಿಕ್ಸ್ ಅಂಗಡಿಯದ್ದು. ಒಳಗಿನ ಕಥೆ ಒಂದೇ, ಓದುಗರು ಬೇರೆ. ಬಾರ್‌ಕೋಡಿನ ಪ್ರತಿಯನ್ನು ಕೊಂಡ ಮಗು ಹಾಲು ತರಲು ಬಂದದ್ದು, ಕಾಮಿಕ್ಸ್ ಸಿಕ್ಕಿತು. ಸ್ಪೈಡರ್‌ಮ್ಯಾನ್ ಮುಖದ ಪ್ರತಿಯನ್ನು ಕೊಂಡವನು ಕಾಮಿಕ್ಸ್‌ಗೆಂದೇ ಬಂದವನು.

ಈ ಬದಲಾವಣೆಯನ್ನು ನಾನು ಬರೀ ಹೊಗಳಲಾರೆ. ಅಂಗಡಿಗಳಿಂದ ಅಭಿಮಾನಿಗೆ ಒಂದೂ ಸಂಚಿಕೆ ತಪ್ಪದಂತಾಯಿತು. ಬರಹಗಾರರು ವರ್ಷಗಟ್ಟಲೆ ಹರಿಯುವ ಕಥೆ ಬರೆಯಬಹುದಾಯಿತು. ಕೋಡ್ ಮುದ್ರೆಯ ಹಂಗಿಲ್ಲದೆ ದೊಡ್ಡವರಿಗಾಗಿ ಬರೆಯುವುದೂ ಸಾಧ್ಯವಾಯಿತು. ‘ವಾಚ್‌ಮೆನ್’ನಂಥ 1986ರ ಹೆಸರಾಂತ ಕೃತಿಗಳು ಈ ನೆಲದಲ್ಲೇ ಬೆಳೆದವು. ಆದರೆ ಬಾಗಿಲು ಕಿರಿದಾಯಿತು. ಎಂಟು ವರ್ಷದ ಮಗು ತಾನಾಗಿ ಕಾಮಿಕ್ಸ್ ಅಂಗಡಿಗೆ ಹೋಗಲಾರದು, ಅಂಥದ್ದೊಂದು ಇದೆ ಎಂದೂ ಅದಕ್ಕೆ ಗೊತ್ತಿರುವುದಿಲ್ಲ, ಯಾರಾದರೂ ಕರೆದೊಯ್ಯಬೇಕು. ಹೆಣ್ಣುಮಕ್ಕಳಿಗಂತೂ ಹೊಸ್ತಿಲಲ್ಲೇ ಹತ್ತು ಕಣ್ಣುಗಳು. ಆದ್ದರಿಂದ ಈ ಕಾಲದಲ್ಲಿ ಒಳಬಂದವರ ಕಥೆಗಳಲ್ಲಿ ಒಬ್ಬ ಅಣ್ಣ, ಒಬ್ಬ ಗೆಳೆಯ ಅಥವಾ ಪೆಟ್ಟಿಗೆ ತುಂಬ ಹಳೆಯ ಸಂಚಿಕೆ ಬಿಟ್ಟುಹೋದ ಚಿಕ್ಕಪ್ಪ ತಪ್ಪದೆ ಇರುತ್ತಾನೆ.

ಕಿರಿದಾದ ಬಾಗಿಲಿಗೆ ಬದಲಾಗಿ ತೆರೆದದ್ದು ಟಿ.ವಿ. ಮತ್ತು ಆಟಿಕೆ. 1984ರ ‘ಸೂಪರ್ ಪವರ್ಸ್’ ಗೊಂಬೆಗಳ ಜೊತೆ ಅಂಗೈ ಅಗಲದ ಕಾಮಿಕ್ಸ್ ಇರುತ್ತಿತ್ತು. ಗೊಂಬೆಯ ಡಬ್ಬಿ ಒಡೆದಾಗ ಉದುರಿದ ಆ ಪುಸ್ತಕವೇ ಎಷ್ಟೋ ಮಕ್ಕಳ ಮೊದಲ ಓದು. 1992ರ ಶರತ್ಕಾಲದಲ್ಲಂತೂ ಎರಡು ತಿಂಗಳ ಅಂತರದಲ್ಲಿ ಬ್ಯಾಟ್‌ಮ್ಯಾನ್ ಮತ್ತು ಎಕ್ಸ್‌ಮೆನ್ ಕಾರ್ಟೂನ್‌ಗಳು ಶುರುವಾದವು. ಈಗ ನಲವತ್ತರ ಆಸುಪಾಸಿನ ಅಭಿಮಾನಿಯನ್ನು ಎಕ್ಸ್‌ಮೆನ್ ಎಂದು ಕೆಣಕಿದರೆ ಮೊದಲು ಆ ಕಾರ್ಟೂನಿನ ಶೀರ್ಷಿಕೆ ಸಂಗೀತ ಗುನುಗುತ್ತಾರೆ, ಆಮೇಲೆ ಮಾತು. ಜೋಕರ್‌ನ ಜೊತೆಗಾರ್ತಿ ಹಾರ್ಲಿ ಕ್ವಿನ್ ಹುಟ್ಟಿದ್ದೇ ಈ ಬ್ಯಾಟ್‌ಮ್ಯಾನ್ ಕಾರ್ಟೂನಿನಲ್ಲಿ. ಮರುವರ್ಷ ಕಾಮಿಕ್ಸ್‌ಗೆ ಕಾಲಿಟ್ಟಳು. ಕ್ರಿಪ್ಟೊನೈಟ್ ಬಂದ ದಾರಿಯಲ್ಲೇ ಅವಳೂ ಬಂದಳು.

ಅದೇ 1992ರ ನವೆಂಬರ್‌ನಲ್ಲಿ ಸೂಪರ್‌ಮ್ಯಾನ್ ಸತ್ತ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿದ ಸಂಚಿಕೆ, ಒಳಗೆ ತೋಳಿಗೆ ಕಟ್ಟಿಕೊಳ್ಳುವ ಶೋಕಪಟ್ಟಿ. ಟಿ.ವಿ. ವಾರ್ತೆಯಲ್ಲಿ ಸುದ್ದಿಯಾಗಿ, ಜೀವಮಾನದಲ್ಲಿ ಕಾಮಿಕ್ಸ್ ಮುಟ್ಟದವರೂ ಸಾಲುಗಟ್ಟಿ ನಿಂತರು. ಇದೊಂದು ದಿನ ಚಿನ್ನವಾಗುತ್ತದೆ ಎಂದು ಚೀಲ ಬಿಚ್ಚದೆ ಇಟ್ಟುಕೊಂಡವರು ಬಹಳ. ಓದದೆಯೇ ಕಾಮಿಕ್ಸ್ ಕೊಂಡ ಮೊದಲ ಪೀಳಿಗೆ! ಹಿಂದಿನ ವರ್ಷ ‘ಎಕ್ಸ್‌ಮೆನ್’ ಹೊಸ ಮೊದಲ ಸಂಚಿಕೆಯನ್ನು ಐದು ಬಗೆಯ ಮುಖಪುಟಗಳಲ್ಲಿ ಹೊರಡಿಸಿ 80 ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಅಂಗಡಿಗಳಿಗೆ ತಳ್ಳಲಾಗಿತ್ತು. ಅಂಗಡಿಗಳಿಗೆ ಎಂಬುದನ್ನು ಒತ್ತಿ ಹೇಳಬೇಕು. ವಾಪಸು ಕೊಡುವಂತಿಲ್ಲದ್ದರಿಂದ ಉಳಿದ ರಾಶಿ ಅವರ ಹೆಗಲ ಮೇಲೇ ಬಿತ್ತು. ಗುಳ್ಳೆ ಒಡೆಯಿತು, ಅಂಗಡಿಗಳು ಸಾಲುಸಾಲಾಗಿ ಮುಚ್ಚಿದವು, 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು.

ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ, ಓಡಿಸಿಬಿಡಬಹುದು. 2000ದಲ್ಲಿ ಎಕ್ಸ್‌ಮೆನ್, 2002ರಲ್ಲಿ ಸ್ಪೈಡರ್‌ಮ್ಯಾನ್, 2008ರಲ್ಲಿ ಐರನ್‌ಮ್ಯಾನ್ ಚಿತ್ರಗಳು. ಸ್ಪೈಡರ್‌ಮ್ಯಾನ್ ತೆರೆಕಂಡ ಮಾರನೆಯ ದಿನವೇ, 4 ಮೇ 2002ರಂದು, ಕಾಮಿಕ್ಸ್ ಅಂಗಡಿಗಳು ಮೊದಲ ‘ಉಚಿತ ಕಾಮಿಕ್ಸ್ ದಿನ’ ಆಚರಿಸಿದವು: ಚಿತ್ರಮಂದಿರದಿಂದ ಬಂದವರನ್ನು ಕೈಹಿಡಿದು ಒಳಗೆ ಕರೆಯುವ ಯತ್ನ. ಬಂದವರು ಕೇಳಿದ ಮೊದಲ ಮಾತೇ ‘ಎಲ್ಲಿಂದ ಶುರು ಮಾಡಲಿ?’ ಐರನ್‌ಮ್ಯಾನ್ ಚಿತ್ರಕ್ಕೆ ಒಂದು ಆರಂಭವಿದೆ, ಕಾಮಿಕ್ಸ್‌ಗೆ ನಲವತ್ತೈದು ವರ್ಷದ ಬಾಲವಿದೆ. ಈ ಪ್ರಶ್ನೆಗೆ ಸಿಕ್ಕ ಉತ್ತರ ಸಂಪುಟ. ಐದಾರು ಸಂಚಿಕೆಗಳನ್ನು ಒಟ್ಟು ಹೊಲಿದು, ಬೆನ್ನಿನ ಮೇಲೆ ಹೆಸರು ಅಚ್ಚು ಹಾಕಿದ ಪುಸ್ತಕ. ಬೆನ್ನಿನ ಮೇಲೆ ಹೆಸರಿದ್ದರೆ ಕಪಾಟಿನಲ್ಲಿ ನಿಲ್ಲಿಸಬಹುದು, ಕಪಾಟಿನಲ್ಲಿ ನಿಲ್ಲುವುದನ್ನು ಗ್ರಂಥಾಲಯ ಕೊಳ್ಳುತ್ತದೆ. ದುಡ್ಡಿಲ್ಲದ ಮಗುವಿಗೆ, ಅಂಗಡಿಯ ಹೊಸ್ತಿಲು ದಾಟಲು ಮುಜುಗರಪಟ್ಟ ಹುಡುಗಿಗೆ, ಮತ್ತೆ ಅಗಲವಾದ ಬಾಗಿಲು ಸಿಕ್ಕಿದ್ದು ಇಲ್ಲಿ.

ಆಮೇಲೆ ಪರದೆ. ಮಾರ್ವೆಲ್ 2007ರಲ್ಲಿ ಚಂದಾ ಕಟ್ಟಿ ಓದುವ ಡಿಜಿಟಲ್ ಸಂಗ್ರಹ ತೆರೆಯಿತು. ಡಿಸಿ 2011ರಲ್ಲಿ 52 ಪತ್ರಿಕೆಗಳನ್ನು ಒಂದನೆಯ ಸಂಚಿಕೆಯಿಂದ ಮತ್ತೆ ಶುರು ಮಾಡಿ, ಅಂಗಡಿಗೆ ಬಂದ ದಿನವೇ ಪರದೆಗೂ ಬಿಟ್ಟಿತು. 2021ರಲ್ಲಿ ಬ್ಯಾಟ್‌ಮ್ಯಾನ್ ಕುಟುಂಬದ ಮನೆವಾರ್ತೆ ವೆಬ್‌ಟೂನ್ ಎಂಬ ಮೊಬೈಲ್ ಕಾಮಿಕ್ಸ್ ತಾಣದಲ್ಲಿ ಬೆರಳಿನಿಂದ ಮೇಲೆ ಸರಿಸಿ ಓದುವ ರೂಪದಲ್ಲಿ ಬಂತು. ಮೊಬೈಲಿನಲ್ಲಿ ಓದುವಾಗ ಸಾಮಾನ್ಯವಾಗಿ ಒಂದೊಂದೇ ಚೌಕ ಕಾಣುತ್ತದೆ. ಪುಟ ತಿರುವಿದಾಗ ಎರಡು ಪುಟ ತುಂಬಿದ ಚಿತ್ರ ಮುಖಕ್ಕೆ ಬಡಿಯುವ ಅನುಭವ ಅಲ್ಲಿಲ್ಲ. ಹಾಗೆಂದು ಕೊರಗುವವರು ಹಿರಿಯರು; ಚೌಕದಿಂದ ಚೌಕಕ್ಕೆ ಜಾರುವುದನ್ನೇ ಮೊದಲು ಕಂಡ ಮಗುವಿಗೆ ಏನೂ ಕಳೆದುಹೋಗಿಲ್ಲ.

ಬ್ಯಾರಿ ಆ್ಯಲನ್‌ಗೆ ಒಬ್ಬಳು ತಂಗಿ ಸಿಕ್ಕಿದ್ದೂ ಈ ಕಾಲದಲ್ಲೇ. 2014ರ ಫೆಬ್ರವರಿಯಲ್ಲಿ ಶುರುವಾದ ‘ಮಿಸ್ ಮಾರ್ವೆಲ್’ನ ಕಮಲಾ ಖಾನ್, ನ್ಯೂಜೆರ್ಸಿಯ ಹದಿನಾರರ ಹುಡುಗಿ, ಪಾಕಿಸ್ತಾನಿ ಮೂಲದ ಮುಸ್ಲಿಂ ಮನೆಯವಳು. ಅವಳೂ ಅಭಿಮಾನಿಯೇ. ಅವೆಂಜರ್ಸ್ ಬಗ್ಗೆ ತಾನೇ ಕಥೆ ಕಟ್ಟಿ ಅಂತರ್ಜಾಲದಲ್ಲಿ ಹಾಕುತ್ತಾಳೆ, ಅದಕ್ಕೆಷ್ಟು ಜನ ಮೆಚ್ಚುಗೆ ಒತ್ತಿದರು ಎಂದು ಎಣಿಸುತ್ತಾಳೆ. ಶಕ್ತಿ ಬಂದಾಗ ಅವಳೂ ತನ್ನ ಆರಾಧ್ಯ ನಾಯಕಿ ಹಿಂದೆ ಇಟ್ಟುಕೊಂಡಿದ್ದ ಹೆಸರನ್ನೇ ಇಟ್ಟುಕೊಳ್ಳುತ್ತಾಳೆ. ಮೊದಲ ಸಂಚಿಕೆಯ ಮೊದಲ ಪುಟದಲ್ಲಿ ಅವಳು ನಿಂತಿರುವುದು ಬೀದಿ ಮೂಲೆಯ ಒಂದು ದಿನಬಳಕೆ ಅಂಗಡಿಯಲ್ಲಿ, ತನಗೆ ನಿಷಿದ್ಧವಾದ ಹಂದಿಮಾಂಸದ ಸ್ಯಾಂಡ್‌ವಿಚ್‌ನ ವಾಸನೆಯನ್ನಾದರೂ ನೋಡೋಣ ಎಂದು ಗಾಜಿಗೆ ಮುಖ ಹಚ್ಚಿಕೊಂಡು. ಮೂವತ್ತೈದು ವರ್ಷ ಹಿಂದಾಗಿದ್ದರೆ ಅಂಥ ಅಂಗಡಿಯಲ್ಲಿ ತಿರುಗುವ ತಂತಿ ಸ್ಟ್ಯಾಂಡ್ ಇರುತ್ತಿತ್ತು, ಕಮಲಾ ಅದನ್ನೊಮ್ಮೆ ತಿರುಗಿಸಿ ನೋಡುತ್ತಿದ್ದಳು. ಈಗ ಅವಳು ವಾಸನೆ ನೋಡಿ ಮನೆಗೆ ಹೋಗಿ ಕಂಪ್ಯೂಟರ್ ತೆರೆಯುತ್ತಾಳೆ.